ಮೈದಾಸನ ಹಸಿವು

ಮೂವತ್ತು ವರ್ಷ ನಾನು ಮಕ್ಕಳಿಗೆ ಮೈದಾಸ ದೊರೆಯ ಕಥೆ ಹೇಳಿದವನು. ಮುಟ್ಟಿದ್ದೆಲ್ಲ ಚಿನ್ನವಾಗಲೆಂದು ಡಯೋನೈಸಸ್ ದೇವನಲ್ಲಿ ಅವನು ವರ ಬೇಡಿದ. ಮಗಳೂ ಚಿನ್ನದ ಬೊಂಬೆಯಾದಳೆಂದಾಗ ಮಕ್ಕಳ ಕಣ್ಣು ತುಂಬುತ್ತಿತ್ತು. ಆದರೆ ರೋಮನ್ ಕವಿ ಓವಿಡನ ಕಥನದಲ್ಲಿ ಆ ಮಗಳೇ ಇಲ್ಲ. ಆಕೆಯನ್ನು 19ನೆಯ ಶತಮಾನದಲ್ಲಿ ಸೇರಿಸಿದವನು ಅಮೆರಿಕದ ಲೇಖಕ ಹಾಥಾರ್ನ್. ಓವಿಡನಲ್ಲಿರುವುದು ಹಸಿವು: ಬಾಯಿಗಿಟ್ಟ ರೊಟ್ಟಿಯೂ ಗಟ್ಟಿ ಲೋಹ.

ಕೊನೆಗೆ ಮೈದಾಸ ಪ್ಯಾಕ್ಟೋಲಸ್ ನದಿಯಲ್ಲಿ ಮಿಂದು ಆ ವರವನ್ನು ಕಳೆದುಕೊಂಡನಂತೆ. ಆ ನದಿಯ ಮರಳಿನಲ್ಲಿ ನಿಜಕ್ಕೂ ಹೊನ್ನಿನ ಕಣಗಳಿದ್ದವು. ಅದು ಹರಿಯುವ ಲಿಡಿಯಾ ನಾಡಿನಲ್ಲೇ ಕ್ರಿ.ಪೂ. 7ನೆಯ ಶತಮಾನದ ಸುಮಾರಿಗೆ ಜಗತ್ತಿನ ಅತ್ಯಂತ ಹಳೆಯ ನಾಣ್ಯಗಳು ಹುಟ್ಟಿದವು. ನಾಣ್ಯ ರಾಶಿಯಾಗಿದ್ದರೂ ಮನುಷ್ಯ ಹಸಿವಿನಿಂದ ಸಾಯಬಹುದೆನ್ನಲು ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದಲ್ಲಿ ಇದೇ ದೊರೆಯನ್ನು ನೆನೆದ.

1957ರಲ್ಲಿ ತುರ್ಕಿಯ ಗೋರ್ಡಿಯನ್‌ನಲ್ಲಿ ಒಂದು ಮಹಾ ಸಮಾಧಿಯನ್ನು ತೆರೆದರು. ಅದು ಮೈದಾಸನ ತಂದೆಯದಿರಬೇಕೆಂದು ಈಗಿನ ವಿದ್ವಾಂಸರ ಊಹೆ. ಒಳಗೆ ಕಂಚಿನ ಪಾತ್ರೆಗಳು, ಮರದ ಪೀಠಗಳು, ಅಂತ್ಯಕ್ರಿಯೆಯ ಊಟದಲ್ಲಿ ಉಳಿದ ಮಾಂಸ, ಬೇಳೆಯ ಅಡುಗೆಯ ಕುರುಹು. ಚಿನ್ನ ಮಾತ್ರ ಇರಲಿಲ್ಲ.

ಇಷ್ಟೆಲ್ಲ ಬೋಧಿಸಿದ ನಾನೇ, ಹಣ ಎರಡೇ ವರ್ಷದಲ್ಲಿ ದುಪ್ಪಟ್ಟಾಗುವುದೆಂಬ ಮಾತಿಗೆ ಮರುಳಾಗಿ ನಿವೃತ್ತಿಯ ಹಣದ ಅರ್ಧವನ್ನು ಕಳೆದುಕೊಂಡೆ. ನನ್ನ ಮಡದಿ ಬೈಯಲಿಲ್ಲ. ಅಂದು ರಾತ್ರಿಯೂ ಎಂದಿನಂತೆ ಅನ್ನ, ಬೇಳೆಸಾರು ಬಡಿಸಿದಳು. ಮೈದಾಸನಿಗೆ ನದಿಯಲ್ಲಿ ಮಿಂದ ಮೇಲೆ ತಿಳಿದದ್ದು, ನನಗೆ ಆ ಮೊದಲ ತುತ್ತಿನಲ್ಲಿ ತಿಳಿಯಿತು.