ನಾಕಿಂಗ್

ಮೂಲ ಇಂಗ್ಲಿಷಿನ ‘ನಾಕ್’, ಅಂದರೆ ಬಡಿ. ಬಡಿತದ ಸದ್ದನ್ನೇ ಅನುಕರಿಸಿ ಹುಟ್ಟಿದ ಪದ. ಹಳೆಯ ಇಂಗ್ಲಿಷಿನಲ್ಲಿ ಮೊದಲಿನ ‘ಕ’ಕಾರವೂ ಕೇಳುತ್ತಿತ್ತು. ನಮ್ಮ ಗ್ಯಾರೇಜುಗಳಲ್ಲಿ ‘ಏರಲ್ಲಿ ನಾಕಿಂಗ್ ಹೊಡೀತಿದೆ’ ಎಂದರೆ ಸಾಕು. ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿದಾಗ ಬರುವ ಟಕಟಕ ಅದು.

ಇದನ್ನು ಆಲಿಸುವುದು ನಾಕ್ ಸೆನ್ಸರ್. ಬ್ಲಾಕಿಗೆ ಬಿಗಿದ ಈ ಪೀಜೋ ಬಿಲ್ಲೆ ಅದುರನ್ನು ವಿದ್ಯುತ್ತಾಗಿಸುತ್ತದೆ. ಆ ಸಂಕೇತ ನೋಡಿ ಎಂಜಿನ್ನಿನ ನಿಯಂತ್ರಕ ಇಸಿಯು ಕಿಡಿಯನ್ನು ತಡಮಾಡುತ್ತದೆ. ಬ್ಯೂಕ್ 1978ರಲ್ಲೇ ತನ್ನ ಟರ್ಬೊ ವಿ6 ಎಂಜಿನ್ನಿನಲ್ಲಿ ನಾಕ್ ಸೆನ್ಸರನ್ನು ಅಳವಡಿಸಿತ್ತು.

ಸ್ಕ್ಯಾನರಿನಲ್ಲಿ ‘ಪಿ0325’ ಎಂಬ ದೋಷದ ಕೋಡ್ ಕಂಡೊಡನೆ ಸೆನ್ಸರ್ ಬದಲಿಸುವುದು ದುಡುಕು. ಆ ಕೋಡ್ ದೂರುವುದು ಸರ್ಕ್ಯೂಟನ್ನು; ವೈರು, ಕನೆಕ್ಟರ್ ಮೊದಲು ನೋಡಬೇಕು. ಬೋಲ್ಟ್ ಸಡಿಲವಾದರೂ ಅತಿಯಾಗಿ ಬಿಗಿದರೂ ಸಂಕೇತ ಕೆಡುತ್ತದೆ. ಟಾರ್ಕ್ ರೆಂಚ್ ಇಲ್ಲದೆ ಸೆನ್ಸರನ್ನು ಕೂರಿಸಲೇಬಾರದು.

ಬೇರಿಂಗ್ ಸವೆದಾಗ ಬರುವ ಬಡಿತಕ್ಕೂ ನಾಕಿಂಗ್ ಎಂದೇ ಹೆಸರು. ಟೈಮಿಂಗ್ ತಡಮಾಡಿದರೆ ಸಿಡಿತದ ಸದ್ದು ಅಡಗುತ್ತದೆ, ಬೇರಿಂಗಿನದು ಹೋಗದು. ಅದನ್ನೂ ಸಿಡಿತವೆಂದೇ ನಂಬಿ ಇಸಿಯು ಕಿಡಿಯನ್ನು ಹಿಂದಕ್ಕೆಳೆಯುತ್ತಲೇ ಇದ್ದರೆ ಗಾಡಿಯ ಎಳೆತ ಕುಗ್ಗುತ್ತದೆ.