ವಿನಾಯಿತಿಗಳ ಪಟ್ಟಿ: ಕರ್ನಲ್ ಡ್ರೈವರ್‌ಗಳಲ್ಲಿ ಕ್ವರ್ಕ್‌ಗಳ ಮೂರು ದಶಕ

ಲಿನಕ್ಸ್ ಕರ್ನಲ್‌ನ ಡ್ರೈವರ್‌ಗಳನ್ನು ಓದಲು ಕೂತ ಹೊಸ ಎಂಜಿನಿಯರುಗಳು ಸಾಮಾನ್ಯವಾಗಿ ಹಾರಿಸಿಕೊಂಡು ಮುಂದೆ ಹೋಗುವ ಭಾಗವೊಂದಿದೆ. ಇಂಥ ಕಂಪನಿಯ ಇಂಥ ಮಾದರಿ ಸಿಕ್ಕರೆ ಈ ಆಜ್ಞೆ ಕಳಿಸಬೇಡ. ಇನ್ನೊಂದು ಸಿಕ್ಕರೆ ನಿದ್ರೆಯಿಂದ ಎದ್ದಮೇಲೆ ಒಮ್ಮೆ ರೀಸೆಟ್ ಮಾಡು. ಮತ್ತೊಂದು ತನ್ನ ಗಾತ್ರ ಹೇಳಿದರೆ ಅದರಲ್ಲಿ ಒಂದನ್ನು ಕಳೆ. ಪುಟಗಟ್ಟಲೆ ಹೀಗೇ ಸಾಗುವ ಈ ಸಾಲುಗಳನ್ನು ನಾವು ಕ್ವರ್ಕ್ ಎನ್ನುತ್ತೇವೆ. ಇವೆಲ್ಲ ಹಳೆಯ ಕಾಲದ ಕೊಳೆ, ಸ್ಪೆಸಿಫಿಕೇಶನ್ ಮುಂದಿಟ್ಟುಕೊಂಡು ಹೊಸ ಭಾಷೆಯಲ್ಲಿ ಡ್ರೈವರ್‌ಗಳನ್ನು ಮತ್ತೆ ಬರೆದರೆ ತಾವಾಗಿ ತೊಲಗುತ್ತವೆ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಹೇಳುವವರು ಜಾಣರೇ. ಆದರೆ ಬಹುಕಾಲ ಡ್ರೈವರ್‌ಗಳ ನಡುವೆಯೇ ಕೆಲಸ ಮಾಡಿದ ನನಗೆ ಇದನ್ನು ಒಪ್ಪಲಾಗುವುದಿಲ್ಲ. ಸಾಧನ ಹೇಗಿರಬೇಕು ಎಂದು ಸ್ಪೆಸಿಫಿಕೇಶನ್ ಹೇಳುತ್ತದೆ. ಅಂಗಡಿಯಿಂದ ಮನೆಗೆ ಬಂದ ಸಾಧನ ಹೇಗಿದೆ ಎಂಬುದನ್ನು ಬರೆದಿಟ್ಟಿರುವ ಜಾಗ ಬಹುಮಟ್ಟಿಗೆ ಈ ಪಟ್ಟಿ ಒಂದೇ.

ಆರಂಭದ ಕಾಲವನ್ನು ಬೇಗ ದಾಟಬಹುದು. 1990ರ ದಶಕದ ಮೊದಲ ವರ್ಷಗಳಲ್ಲಿ ಸ್ಕಸಿ ಬಸ್‌ಗೆ ಜೋಡಿಸಿದ ಪ್ರತಿ ಸಾಧನವನ್ನೂ ಕರ್ನಲ್ ಸೊನ್ನೆಯಿಂದ ಏಳರವರೆಗೆ ಒಂದೊಂದೇ ಲಾಜಿಕಲ್ ಯೂನಿಟ್‌ನ ಹೆಸರು ಹಿಡಿದು ಕೂಗುತ್ತಿತ್ತು. ಚಿನೋನ್ ಕಂಪನಿಯ ಸಿಡಿಎಸ್-431 ಸಿಡಿ-ರಾಮ್ ಡ್ರೈವ್ ಸೊನ್ನೆಯ ಹೊರತು ಬೇರೆ ಸಂಖ್ಯೆ ಕೇಳಿದೊಡನೆ ಸ್ತಬ್ಧವಾಗುತ್ತಿತ್ತು. ಅಂಥವುಗಳ ಹೆಸರು, ಮಾದರಿ, ಆವೃತ್ತಿ ಬರೆದ ಒಂದು ಚಿಕ್ಕ ಕಪ್ಪುಪಟ್ಟಿ ಹುಟ್ಟಿಕೊಂಡಿತು. ಚಿನೋನ್‌ನ ಆ ಸಾಲು ಇಂದಿಗೂ ಕರ್ನಲ್‌ನಲ್ಲಿದೆ. ಪ್ರೊಸೆಸರ್‌ಗಳ ದೋಷಕ್ಕೆ ಬೇರೆಯದೇ ಕಡತವಿತ್ತು: ಬೂಟ್ ಆಗುವಾಗ ಭಾಗಾಕಾರ ಸರಿಯಾಗಿ ಬರುತ್ತದೆಯೇ, ಹಾಲ್ಟ್ ಆಜ್ಞೆ ಕೆಲಸ ಮಾಡುತ್ತದೆಯೇ ಎಂದು ನೋಡುವ ನಾಲ್ಕಾರು ಪರೀಕ್ಷೆಗಳು. 1997ರಲ್ಲಿ ಯಾವ ಸಾಮಾನ್ಯ ಪ್ರೋಗ್ರಾಂ ಬೇಕಾದರೂ ಪೆಂಟಿಯಂ ಯಂತ್ರವನ್ನು ನಿಲ್ಲಿಸಬಲ್ಲ ದೋಷವೊಂದು ಹೊರಬಿದ್ದಾಗ, ಇಂಟರಪ್ಟ್ ಕೋಷ್ಟಕವನ್ನು ಓದಲು ಮಾತ್ರ ಅವಕಾಶವಿರುವ ಪುಟಕ್ಕೆ ಸರಿಸಿ ಅದನ್ನು ತಡೆದರು. 2018ರ ಸ್ಪೆಕ್ಟರ್, ಮೆಲ್ಟ್‌ಡೌನ್ ಪರಿಹಾರಗಳು ಬಂದು ಸೇರಿದ್ದೂ ಅದೇ ಕಡತದ ವಂಶಕ್ಕೆ.

ಪಿಸಿಐ ಬಂದಮೇಲೆ ಗುರುತಿಸುವಿಕೆ ಒಂದು ಹದಕ್ಕೆ ಬಂತು. ತಯಾರಕರಿಗೊಂದು, ಸಾಧನಕ್ಕೊಂದು, ಹೀಗೆ 16 ಬಿಟ್‌ಗಳ ಎರಡು ಸಂಖ್ಯೆ. ಇಂಟೆಲ್ ತನಗೆ 8086 ಅನ್ನೇ ಆರಿಸಿಕೊಂಡಿತು. ದೋಷವನ್ನು ಯಾವ ಘಟ್ಟದಲ್ಲಿ ಸರಿಪಡಿಸಬೇಕು ಎಂಬ ಪ್ರಶ್ನೆಯನ್ನು ಪಿಸಿಐ ಪದರವೇ ಮೊದಲು ಗಂಭೀರವಾಗಿ ಎತ್ತಿಕೊಂಡದ್ದು: ಸಾಧನ ಕಣ್ಣಿಗೆ ಬಿದ್ದೊಡನೆಯೋ, ರಿಜಿಸ್ಟರ್‌ಗಳನ್ನು ಓದಿದಮೇಲೋ, ನಿದ್ರೆಯಿಂದ ಏಳುವಾಗಲೋ? 2001ರ ಹೊತ್ತಿಗೆ ವಿಯಾ 686ಬಿ ಚಿಪ್‌ಸೆಟ್ ಇದ್ದ ಯಂತ್ರಗಳಲ್ಲಿ ಡಿಸ್ಕಿನ ಡೇಟಾ ಕೆಡುತ್ತಿದ್ದುದನ್ನು ತಡೆದದ್ದು ಇಂಥದೇ ಒಂದು ಫಿಕ್ಸಪ್. ಇದು ಅಚ್ಚುಕಟ್ಟಾದ ಕೆಲಸ. ಆದರೂ ನನ್ನ ಪಾಲಿಗೆ ಈ ಕಸುಬು ಪ್ರಬುದ್ಧವಾದದ್ದು ಯುಎಸ್‌ಬಿಯಲ್ಲಿ.

ಪಿಸಿಐ ಕಾರ್ಡ್ ಮಾಡುವವರು ನೂರಾರು ಇದ್ದಿರಬಹುದು. ಯುಎಸ್‌ಬಿ ಬಂದಮೇಲೆ ಕ್ಯಾಮೆರಾ, ಪೆನ್‌ಡ್ರೈವ್, ಫೋನ್, ಎಂಪಿ3 ಪ್ಲೇಯರ್ ಮಾಡುವ ಪ್ರತಿ ಕಾರ್ಖಾನೆಯೂ ಒಂದು ಫರ್ಮ್‌ವೇರ್ ಬರೆಯಿತು, ವಿಂಡೋಸ್ ಯಂತ್ರಕ್ಕೆ ಚುಚ್ಚಿ ನೋಡಿತು, ನಡೆದರೆ ಪೆಟ್ಟಿಗೆಗೆ ಹಾಕಿ ಕಳಿಸಿತು. ಹೀಗಾಗಿ ವಿಂಡೋಸ್ ಕೇಳುವ ಕ್ರಮವೇ ಬರೆಯದ ಮಾನದಂಡವಾಯಿತು. ವಿಂಡೋಸ್ ಹೊಸ ಸಾಧನಕ್ಕೆ ಮೊದಲು 64 ಬೈಟ್‌ಗಳ ಡಿಸ್ಕ್ರಿಪ್ಟರ್ ಕೇಳುತ್ತದೆ, ಬರುವುದು 18 ಬೈಟ್ ಮಾತ್ರ ಎಂದು ಗೊತ್ತಿದ್ದರೂ. ಆಮೇಲೆ ರೀಸೆಟ್ ಮಾಡಿ ವಿಳಾಸ ಕೊಡುತ್ತದೆ. ಲಿನಕ್ಸ್ ಮೊದಲು ವಿಳಾಸ ಕೊಟ್ಟು ಆಮೇಲೆ ಕೇಳುತ್ತಿತ್ತು. ಎರಡೂ ಸ್ಪೆಸಿಫಿಕೇಶನ್‌ಗೆ ಸಮ್ಮತ. ಎರಡನೆಯದನ್ನು ಎಂದೂ ಕಾಣದ ಸಾಧನಗಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಎರಡು ಕ್ರಮಗಳನ್ನೂ ಇಟ್ಟುಕೊಂಡು, ಒಂದು ಸೋತರೆ ಇನ್ನೊಂದನ್ನು ಹಿಡಿಯುವ ಏರ್ಪಾಡಾಯಿತು. ಇನ್‌ಕ್ವೈರಿ ಆಜ್ಞೆಯದೂ ಇದೇ ಕಥೆ: 36 ಬೈಟ್‌ಗಿಂತ ಹೆಚ್ಚು ಕೇಳಿದರೂ ಕಡಿಮೆ ಕೇಳಿದರೂ ಉಸಿರು ಕಟ್ಟುವ ಸಾಧನಗಳು ಎಷ್ಟಿದ್ದವೆಂದರೆ, ಯುಎಸ್‌ಬಿ ಸ್ಟೋರೇಜ್ ಡ್ರೈವರ್ ಎಲ್ಲರಿಗೂ 36 ಅನ್ನೇ ಖಾಯಂ ಮಾಡಿತು.

ಗಾತ್ರದ ಪ್ರಶ್ನೆ ಇನ್ನೂ ಸೂಕ್ಷ್ಮ. ನಿನ್ನ ಸಾಮರ್ಥ್ಯ ಎಷ್ಟು ಎಂದು ಕೇಳಿದಾಗ ಸಾಧನ ಕೊನೆಯ ಸೆಕ್ಟರ್‌ನ ಸಂಖ್ಯೆ ಹೇಳಬೇಕು. ಸೊನ್ನೆಯಿಂದ ಎಣಿಕೆ ಶುರುವಾಗುವುದನ್ನು ಮರೆತ ಫರ್ಮ್‌ವೇರ್‌ಗಳು ಒಟ್ಟು ಸೆಕ್ಟರ್‌ಗಳ ಸಂಖ್ಯೆ ಹೇಳಿದವು. ಇಲ್ಲದ ಆ ಕೊನೆಯ ಸೆಕ್ಟರನ್ನು ಕರ್ನಲ್ ಓದಲು ಹೋದರೆ ಕೆಲವು ಸಾಧನಗಳು ಅಲ್ಲೇ ಕುಸಿಯುತ್ತಿದ್ದವು. ಅದಕ್ಕೊಂದು ಫ್ಲ್ಯಾಗ್ ಬಂತು. ನೋಕಿಯಾ, ನಿಕಾನ್, ಪೆಂಟ್ಯಾಕ್ಸ್, ಮೊಟೊರೋಲಾ ಸಾಧನಗಳಲ್ಲಿ ಈ ತಪ್ಪು ಪದೇ ಪದೇ ಕಂಡದ್ದರಿಂದ, ಇವರು ಹೇಳುವ ಒಟ್ಟು ಬೆಸ ಸಂಖ್ಯೆಯಾದರೆ ಒಂದು ಕಳೆ ಎಂಬ ಊಹೆಯ ನಿಯಮ ಸೇರಿತು. ಈ ಕಂಪನಿಗಳದ್ದೇ ಸರಿಯಾದ ಸಾಧನ ಸಿಕ್ಕರೆ? ಇದು ಸರಿಯಿದೆ ಎಂದು ಸಾರುವ ಇನ್ನೊಂದು ಫ್ಲ್ಯಾಗ್. ವಿನಾಯಿತಿಗೆ ವಿನಾಯಿತಿ. ನಗಬೇಕಾದ ವಿಷಯವಲ್ಲ, ಒಬ್ಬರ ಮದುವೆಯ ಫೋಟೋಗಳು ಕ್ಯಾಮೆರಾದಿಂದ ಹೊರಬರುತ್ತವೆಯೇ ಇಲ್ಲವೇ ಎಂಬುದು ಆ ಒಂದು ಬಿಟ್ ಮೇಲೆ ನಿಂತಿತ್ತು.

ಮ್ಯಾಥ್ಯೂ ಡಾರ್ಮ್, ಆಮೇಲೆ ಆಲನ್ ಸ್ಟರ್ನ್ ಕಾಪಾಡಿಕೊಂಡು ಬಂದ ಯುಎಸ್‌ಬಿ ಸ್ಟೋರೇಜ್‌ನ ಕ್ವರ್ಕ್ ಪಟ್ಟಿಯನ್ನು ನಾನು ಇವತ್ತಿಗೂ ಈ ಕಸುಬಿನ ಅತ್ಯುತ್ತಮ ಮಾದರಿ ಎನ್ನುತ್ತೇನೆ. ಮೂರು ಕಾರಣಕ್ಕೆ. ತಯಾರಕ ಮತ್ತು ಸಾಧನದ ಸಂಖ್ಯೆಗಳ ಜೊತೆಗೆ ಪ್ರತಿ ನಮೂದಿಗೂ ಆವೃತ್ತಿಯ ಮೇಲಿನ, ಕೆಳಗಿನ ಮಿತಿ ಬರೆಯಲೇಬೇಕು. ಕಂಪನಿ ತಪ್ಪು ತಿದ್ದಿಕೊಂಡ ದಿನ ವಿನಾಯಿತಿ ನಿಲ್ಲುತ್ತದೆ. ಏಕೆ ಬೇಕು ಎಂಬ ವಿವರಣೆಯನ್ನೂ ಸಾಧನದ ಪೂರ್ಣ ವಿವರವನ್ನೂ ಕಳಿಸಿ ಎಂದು ಕಡತದ ತಲೆಯಲ್ಲೇ ಬರೆದಿದೆ. ಮೂರನೆಯದು ನನಗೆ ಬಹಳ ಪ್ರಿಯ: ಪಟ್ಟಿಯಲ್ಲಿರುವ ಸಾಧನ ತಾನೇ ಸರಿಯಾದ ಪ್ರೋಟೊಕಾಲ್ ವಿವರ ಹೇಳಿದರೆ, ಈ ನಮೂದು ಅನಗತ್ಯ, ದಯವಿಟ್ಟು ಈ ಸಂದೇಶವನ್ನು ನಮಗೆ ಕಳಿಸಿ ಎಂದು ಕರ್ನಲ್ ಲಾಗ್‌ನಲ್ಲಿ ಮುದ್ರಿಸುತ್ತದೆ. ತನ್ನನ್ನು ತಾನೇ ಅಳಿಸಿಕೊಳ್ಳಲು ಸಾಕ್ಷ್ಯ ಹುಡುಕುವ ಪಟ್ಟಿ ಅದು. ಆಮೇಲೆ ಬಂದವರು ಫ್ಲ್ಯಾಗ್‌ಗಳನ್ನು ಅನುಕರಿಸಿದರು, ಈ ನಡತೆಯನ್ನು ಹೆಚ್ಚಾಗಿ ಬಿಟ್ಟರು.

ಲ್ಯಾಪ್‌ಟಾಪ್‌ಗಳ ಎಸಿಪಿಐ ಲೋಕ ಬೇರೆ ದಾರಿ ಹಿಡಿಯಿತು. ನೀನು ಯಾವ ಆಪರೇಟಿಂಗ್ ಸಿಸ್ಟಂ ಎಂದು ಫರ್ಮ್‌ವೇರ್ ಕೇಳುತ್ತದೆ; ಲಿನಕ್ಸ್ ಎಂದು ನಿಜ ಹೇಳಿದರೆ ಯಾರೂ ಪರೀಕ್ಷಿಸದ ಕೋಡ್ ಓಡುತ್ತದೆ. ಹಾಗಾಗಿ ವಿಂಡೋಸ್‌ನ ಹೆಸರುಗಳಿಗೆಲ್ಲ ಹೌದು ಎನ್ನುವುದು ರೂಢಿಯಾಯಿತು. ಉಳಿದದ್ದಕ್ಕೆ ಬಯೋಸ್‌ನಲ್ಲಿರುವ ಕಂಪನಿ, ಮಾದರಿಗಳ ಹೆಸರು ನೋಡುವ ಡಿಎಂಐ ಕೋಷ್ಟಕಗಳು. ಅಲ್ಲಿ ಹೆಸರಿನ ಜಾಗದಲ್ಲಿ ತಯಾರಕರು ತುಂಬಬೇಕು ಎಂಬ ಅಚ್ಚಿನ ವಾಕ್ಯವನ್ನೇ ಉಳಿಸಿ ಮಾರಿದ ಯಂತ್ರಗಳು ಎಷ್ಟೋ. ಅಗ್ಗದ ಟ್ಯಾಬ್ಲೆಟ್‌ಗಳ ಟಚ್‌ಸ್ಕ್ರೀನ್‌ಗೆ ಹಾನ್ಸ್ ದ ಗೂದೆ ವರ್ಷಗಟ್ಟಲೆ ಕೂಡಿಸಿದ ಕೋಷ್ಟಕ ಈ ಗೊಂದಲದ ನಡುವೆಯೂ ನಿಂತ ತಾಳ್ಮೆಯ ಕೆಲಸ.

ಡಿಸ್ಕ್‌ಗಳ ವಿಷಯದಲ್ಲಿ ಸಾಕ್ಷ್ಯದ ಬೆಲೆ ಗೊತ್ತಾದದ್ದು 2015ರಲ್ಲಿ. ಆಲ್ಗೋಲಿಯಾ ಸಂಸ್ಥೆಯ ಸರ್ವರ್‌ಗಳಲ್ಲಿ ಕಡತಗಳ ತುಣುಕುಗಳು ಸೊನ್ನೆಯಾಗತೊಡಗಿದವು. ಸ್ಯಾಮ್‌ಸಂಗ್ ಎಸ್‌ಎಸ್‌ಡಿಗಳ ಟ್ರಿಮ್ ಆಜ್ಞೆಯತ್ತ (ಇನ್ನು ಬೇಡವಾದ ಜಾಗ ಯಾವುದೆಂದು ಡಿಸ್ಕಿಗೆ ತಿಳಿಸುವ ಆಜ್ಞೆ) ಬೆರಳು ಹೋಯಿತು. ಸ್ಯಾಮ್‌ಸಂಗ್ ಎಂಜಿನಿಯರುಗಳು ಹುಡುಕಿದಾಗ ಸಿಕ್ಕದ್ದು ಕರ್ನಲ್‌ನ ರೇಡ್ ಕೋಡ್‌ನಲ್ಲೇ ಇದ್ದ ತಪ್ಪು. ಅದೇ ಕಂಪನಿಯ ಕೆಲವು ಮಾದರಿಗಳಲ್ಲಿ ಸರದಿಯಲ್ಲಿ ಕಳಿಸುವ ಟ್ರಿಮ್ ನಿಜಕ್ಕೂ ಕೆಟ್ಟಿತ್ತು, ಅದರ ನಮೂದು ನ್ಯಾಯವಾದದ್ದು. ಆದರೆ ಅದು ಬೇರೆ ದೋಷ. ಎರಡನ್ನೂ ಒಂದೇ ಎಂದುಕೊಂಡವರು ಇಂದಿಗೂ ಇದ್ದಾರೆ. ಎನ್‌ವಿಎಂಇಯಲ್ಲಿ 2022ರಲ್ಲಿ ಇನ್ನೊಂದು ಪಾಠ. ಪ್ರತಿ ಡಿಸ್ಕಿನ ಜಾಗತಿಕ ಗುರುತು ಅನನ್ಯವಾಗಿರಬೇಕು ಎಂದು ಕರ್ನಲ್ ಪರೀಕ್ಷಿಸತೊಡಗಿದೊಡನೆ, ಒಂದೇ ಗುರುತನ್ನು ಎಲ್ಲ ಡಿಸ್ಕಿಗೂ ಹಾಕಿ ಮಾರಿದ ಮಾದರಿಗಳು ಸಾಲುಸಾಲಾಗಿ ತಿರಸ್ಕೃತವಾದವು. ಒಂದೊಂದಕ್ಕೂ ಕ್ವರ್ಕ್ ಸೇರಿಸಿ ಸೇರಿಸಿ ದಣಿದು, 2023ರಲ್ಲಿ ಸಾಮಾನ್ಯ ಪಿಸಿಐ ಡಿಸ್ಕುಗಳಿಗೆ ಆ ನಿಯಮವನ್ನೇ ಸಡಿಲಿಸಿದರು. ಸಡಿಲಿಸಿದ್ದು ಸರಿ. ಪಟ್ಟಿ ವರ್ಷದೊಳಗೆ ಹೀಗೆ ಉಬ್ಬಿದರೆ ತಪ್ಪು ನಿಯಮದಲ್ಲಿದೆ ಎಂದು ಓದಬೇಕು.

ಆರ್ಮ್ ಚಿಪ್‌ಗಳಲ್ಲಿ ದೋಷಗಳಿಗೆ ಅಧಿಕೃತ ಸಂಖ್ಯೆಗಳೇ ಇವೆ. ಆರ್ಮ್ ಕಂಪನಿ ತನ್ನ ಎರಾಟಾವನ್ನು, ಅಂದರೆ ದೋಷಗಳ ಪಟ್ಟಿಯನ್ನು, ಪ್ರಕಟಿಸುತ್ತದೆ, ಕರ್ನಲ್ ಬೂಟ್ ಆಗುವಾಗ ಆಯಾ ಕೋರ್‌ಗೆ ಬೇಕಾದಂತೆ ತನ್ನ ಆಜ್ಞೆಗಳನ್ನೇ ತಿದ್ದಿಕೊಳ್ಳುತ್ತದೆ. ಎಲ್ಲರೂ ಹಾಗಲ್ಲ. ಆಲ್‌ವಿನ್ನರ್ ಎ64 ಚಿಪ್ ಇದ್ದ ಬೋರ್ಡುಗಳಲ್ಲಿ ಗಡಿಯಾರ ಇದ್ದಕ್ಕಿದ್ದಂತೆ 95 ವರ್ಷ ಮುಂದಕ್ಕೆ ಹಾರುತ್ತಿತ್ತು. ಟೈಮರ್‌ನ ಕೆಳ ಬಿಟ್‌ಗಳು ತುಂಬಿ ಮೇಲಿನವಕ್ಕೆ ದಾಟುವ ಕ್ಷಣದಲ್ಲಿ ಓದಿದರೆ ತಪ್ಪು ಸಂಖ್ಯೆ ಬರುತ್ತಿತ್ತು. ಓದಿದ್ದು ಸ್ವಲ್ಪ ಹಿಂದೆ ಬಿದ್ದರೂ ಸಾಕು, ಸಮಯ ಹಿಂದಕ್ಕೆ ಹೋಗುವಂತಿಲ್ಲವಾದ್ದರಿಂದ ಕೌಂಟರ್ ಪೂರ್ತಿ ಒಂದು ಸುತ್ತು ಬಂದಿದೆ ಎಂದು ಕರ್ನಲ್ ತಿಳಿಯುತ್ತಿತ್ತು. 56 ಬಿಟ್‌ಗಳ ಕೌಂಟರ್ 24 ಮೆಗಾಹರ್ಟ್ಸ್‌ನಲ್ಲಿ ಒಂದು ಸುತ್ತು ಬರಲು ಬೇಕಾದದ್ದು ಸರಿಸುಮಾರು 95 ವರ್ಷ. ಟೈಮರ್‌ನ ಆ ಕೆಳ ಬಿಟ್‌ಗಳೆಲ್ಲ ಸೊನ್ನೆಯೋ ಒಂದೋ ಆಗಿದ್ದರೆ ಮತ್ತೆ ಓದು ಎಂಬ ಪರಿಹಾರ 2019ರಲ್ಲಿ ಕರ್ನಲ್ ಸೇರಿತು. ಅಧಿಕೃತ ಸಂಖ್ಯೆ ಇಲ್ಲದ್ದರಿಂದ ಅದರ ಹೆಸರಿನಲ್ಲೇ ಅನ್‌ನೋನ್-1 ಎಂದಿದೆ. ಚಿಪ್ ಮಾಡಿದವರು ಹೇಳಬೇಕಾದದ್ದನ್ನು ಕೊಂಡವರು ಬೋರ್ಡಿನ ಮುಂದೆ ಕೂತು ಕಂಡುಹಿಡಿದರು.

ನಕಲಿ ಚಿಪ್‌ಗಳ ಅಧ್ಯಾಯ ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೂ ಸಂಬಂಧಿಸಿದ್ದು. 2014ರಲ್ಲಿ, ಯುಎಸ್‌ಬಿ-ಸೀರಿಯಲ್ ಕೇಬಲ್‌ಗಳ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ವಿಂಡೋಸ್ ಡ್ರೈವರ್ ತನ್ನ ಚಿಪ್‌ನ ನಕಲುಗಳನ್ನು ಪತ್ತೆಮಾಡಿ ಅವುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿತು. ಕೊಂಡವರಿಗೆ ಅದು ನಕಲಿ ಎಂದೂ ಗೊತ್ತಿರಲಿಲ್ಲ. ಲಿನಕ್ಸ್ ಆ ಸೊನ್ನೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡು ಸತ್ತ ಕೇಬಲ್‌ಗಳನ್ನು ಬದುಕಿಸಿತು. ನನ್ನ ದೃಷ್ಟಿಯಲ್ಲಿ ಕ್ವರ್ಕ್‌ಗಳ ಚರಿತ್ರೆಯಲ್ಲೇ ಇದು ಅತಿ ಘನತೆಯ ಒಂದು ಸಾಲು. ಸಿಎಸ್‌ಆರ್ ಹೆಸರು ಹೊತ್ತ ನಕಲಿ ಬ್ಲೂಟೂತ್ ಡಾಂಗಲ್‌ಗಳದ್ದು ಇನ್ನೂ ಕಷ್ಟ: ಅಸಲಿಗೂ ನಕಲಿಗೂ ಒಂದೇ ಗುರುತಿನ ಸಂಖ್ಯೆ. ಅಲ್ಲಿ ಡ್ರೈವರ್ ಸಾಧನ ಹೇಳಿಕೊಳ್ಳುವ ಬೇರೆ ಬೇರೆ ಆವೃತ್ತಿ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿ ತೀರ್ಮಾನಿಸುತ್ತದೆ. ಹೆಸರನ್ನು ಬಿಟ್ಟು ನಡತೆಯಿಂದ ಗುರುತಿಸುವ ಈ ದಾರಿಯಲ್ಲಿ ಇನ್ನೂ ಬಹಳ ಕೆಲಸ ಬಾಕಿಯಿದೆ.

ಹೊಸ ತಲೆಮಾರಿನ ದೊಡ್ಡ ಹೆಜ್ಜೆ ಬೆಂಜಮಿನ್ ಟಿಸ್ವಾರ್ ತಂದ ಎಚ್‌ಐಡಿ-ಬಿಪಿಎಫ್. 2023ರಿಂದ ಕೀಬೋರ್ಡ್, ಮೌಸ್, ಡ್ರಾಯಿಂಗ್ ಟ್ಯಾಬ್ಲೆಟ್‌ಗಳ ತಪ್ಪು ವಿವರಣೆಯನ್ನು ಕರ್ನಲ್ ಮತ್ತೆ ಕಟ್ಟದೆಯೇ ಒಂದು ಪುಟ್ಟ ಪ್ರೋಗ್ರಾಂನಿಂದ ತಿದ್ದಬಹುದು. ನನ್ನ ಆತಂಕ ಒಂದೇ. ತಿದ್ದುಪಡಿ ಇಷ್ಟು ಸುಲಭವಾದರೆ ಅದು ಬರೆದವರ ಯಂತ್ರದಲ್ಲೇ ಉಳಿದುಬಿಡುತ್ತದೆ. ರಾಸ್ಪ್‌ಬೆರಿ ಪೈ ಬಳಸುವವರಲ್ಲಿ ಇದು ಆಗಲೇ ನಡೆದಿದೆ: ಯುಎಸ್‌ಬಿ ಡಿಸ್ಕ್ ತಡವರಿಸಿದರೆ ಬೂಟ್ ಸಾಲಿನಲ್ಲಿ ಸಾಧನದ ಸಂಖ್ಯೆ ಬರೆದು ಯುಎಎಸ್ ಎಂಬ ವೇಗದ ಪ್ರೋಟೊಕಾಲ್ ಅನ್ನು ನಿಲ್ಲಿಸಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಮೂಲ ಪಟ್ಟಿಗೆ ಸುದ್ದಿ ಮುಟ್ಟುವುದೇ ಇಲ್ಲ.

ಪಟ್ಟಿಯಲ್ಲಿ ಯಾರಿದ್ದಾರೆ ಎಂದು ನೋಡಿದರೆ ಯಾರಿಲ್ಲ ಎಂಬುದೂ ಕಾಣುತ್ತದೆ. ಕರ್ನಲ್ ಲಾಗ್ ತೆಗೆದು ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲವರ ಸಾಧನಗಳು ಅಲ್ಲಿವೆ. ಎಸ್.ಪಿ. ರೋಡಿನಲ್ಲಿ ಹೆಸರಿಲ್ಲದ ಡಾಂಗಲ್ ಕೊಂಡು ತುಮಕೂರಿನ ಹಾಸ್ಟೆಲಿಗೆ ಒಯ್ದ ವಿದ್ಯಾರ್ಥಿಯ ಸಾಧನ ಅಲ್ಲಿ ಸೇರುವುದು ಕಷ್ಟ. ಅದು ಕೆಲಸ ಮಾಡದಿದ್ದರೆ ಆತ ಲಿನಕ್ಸ್ ಸರಿಯಿಲ್ಲ ಎಂದುಕೊಳ್ಳುತ್ತಾನೆ. ಇನ್ನೊಂದು ತುದಿಯಲ್ಲಿ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಬೆಂಗಳೂರು ಚಿಪ್ ವಿನ್ಯಾಸದ ಊರು. ಇಲ್ಲಿನ ಪ್ರಯೋಗಾಲಯಗಳಲ್ಲಿ ದೋಷಗಳು ಪತ್ತೆಯಾಗುತ್ತವೆ, ಎರಾಟಾ ಹಾಳೆಗಳು ತಯಾರಾಗುತ್ತವೆ, ಗೋಪ್ಯತೆಯ ಒಪ್ಪಂದದೊಳಗೆ ಎಷ್ಟೋ ಉಳಿಯುತ್ತವೆ. ಆಮೇಲೆ ಡ್ರೈವರ್‌ಗೆ ಬರುವ ಪ್ಯಾಚ್‌ನಲ್ಲಿ ಫ್ಲ್ಯಾಗ್ ಇರುತ್ತದೆ, ಕಾರಣ ಇರುವುದಿಲ್ಲ. ಷರಾ ಕಾಲಂ ಖಾಲಿ ಬಿಟ್ಟ ಪಹಣಿಯಂತೆ ಅದು: ಮುಂದೆ ಯಾರೂ ತಿದ್ದಲಾರರು, ತೆಗೆಯಲಾರರು.

ತೆಗೆಯುವ ಕೆಲಸವಂತೂ ಬಹುತೇಕ ಅನಾಥ. ಪಿಸಿಐ, ಡಿಎಂಐ, ಎನ್‌ವಿಎಂಇ ಪಟ್ಟಿಗಳಲ್ಲಿ ಈ ನಮೂದು ಇನ್ನು ಬೇಡ ಎಂದು ಹೇಳುವ ಸಂದೇಶ ಇಲ್ಲ. ಯುಎಸ್‌ಬಿ ಸ್ಟೋರೇಜ್‌ನಲ್ಲಿ ಮಾತ್ರ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಬೂಟ್ ಸಾಲಿನ ಕ್ವರ್ಕ್ಸ್ ಪ್ಯಾರಾಮೀಟರ್‌ನಲ್ಲಿ ಸಾಧನದ ಸಂಖ್ಯೆ ಬರೆದು ಫ್ಲ್ಯಾಗ್‌ಗಳ ಜಾಗ ಖಾಲಿ ಬಿಟ್ಟರೆ ಅದರ ಹಳೆಯ ಫ್ಲ್ಯಾಗ್‌ಗಳು ಅಳಿಯುತ್ತವೆ. ಆಗ ಸಾಧನ ಹೇಗೆ ವರ್ತಿಸುತ್ತದೆ ಎಂದು ನೋಡಿ ಬರೆಯಬಹುದು. 2000ದ ದಶಕದ ಡಿಜಿಟಲ್ ಕ್ಯಾಮೆರಾ, ನೋಕಿಯಾ ಫೋನು ಇನ್ನೂ ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಬಹಳ. ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಉಪಯುಕ್ತ ವಿಷಯ ನನಗೆ ತಿಳಿದಿಲ್ಲ. ಅಂಥ ಸಾಧನ ಸವೆದು ಹೋಗುವ ಮುನ್ನ ಅದರ ನಮೂದನ್ನು ಪರೀಕ್ಷಿಸಿ ಕಾರಣ ಬರೆದುಕೊಡಬಲ್ಲವರು ಅದನ್ನು ಕೈಯಲ್ಲಿ ಹಿಡಿದಿರುವವರೇ.