ಎರಡು ಸಲ ಒಡೆದ ಸುದರ್ಶನ

ಸೌರಾಷ್ಟ್ರದ ಜುನಾಗಢದಿಂದ ಗಿರನಾರ ಪರ್ವತಕ್ಕೆ ಸಾಗುವ ದಾರಿಯಲ್ಲಿ ಒಂದು ಹೆಬ್ಬಂಡೆಯಿದೆ. ಇಪ್ಪತ್ತೆರಡನೆಯ ತೀರ್ಥಂಕರರಾದ ನೇಮಿನಾಥರ ನಿರ್ವಾಣಭೂಮಿಯೆಂದು ಊರ್ಜಯಂತಗಿರಿಯನ್ನು ಏರಹೊರಟ ಯಾತ್ರಿಕರು ಅದರ ಬಳಿಯಲ್ಲೇ ಹಾದುಹೋಗುತ್ತಾರೆ. ಆ ಬಂಡೆಗೆ ಪ್ರಸಿದ್ಧಿ ಬಂದಿರುವುದು ಅಶೋಕನ ಹದಿನಾಲ್ಕು ಧರ್ಮಲಿಪಿಗಳಿಂದ. ಆದರೆ ಅದೇ ಕಲ್ಲಿನ ಮೇಲೆ ಇನ್ನೆರಡು ಶಾಸನಗಳಿವೆ. ಒಂದು ಕ್ರಿ.ಶ. 150ರ ಹೊತ್ತಿನ ಮಹಾಕ್ಷತ್ರಪ ರುದ್ರದಾಮನದು. ಇನ್ನೊಂದು ಗುಪ್ತ ಸಾಮ್ರಾಟ ಸ್ಕಂದಗುಪ್ತನ ಕಾಲದ್ದು. ಎರಡರ ನಡುವೆ ಮುನ್ನೂರು ವರ್ಷಗಳ ಅಂತರ. ಎರಡೂ ಹೇಳುವುದು ಒಂದೇ ಕೆರೆ ಒಡೆದ ಸಂಗತಿಯನ್ನು.

ಸಂಸ್ಕೃತ ಸಾಹಿತ್ಯದ ಚರಿತ್ರೆಕಾರರು ರುದ್ರದಾಮನ ಶಾಸನವನ್ನು ಗದ್ಯಶೈಲಿಯ ಪ್ರಾಚೀನ ಮಾದರಿಯೆಂದು ಕೊಂಡಾಡಿ ಮುಂದೆ ಸಾಗುವುದು ವಾಡಿಕೆ. ಆ ಸಮಾಸಗಳ ಸೊಗಸಿನ ಕೆಳಗೆ ಒಂದು ವಿಪತ್ತಿನ ವರದಿ ಅಡಗಿದೆಯೆಂಬುದು ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ವರದಿಯೆಂಬ ಮಾತು ಇಲ್ಲಿ ಉತ್ಪ್ರೇಕ್ಷೆಯಲ್ಲ. ಕೆರೆಯನ್ನು ಮೊದಲು ಕಟ್ಟಿಸಿದವನು ಚಂದ್ರಗುಪ್ತ ಮೌರ್ಯನ ಪ್ರಾಂತಾಧಿಕಾರಿ, ವೈಶ್ಯ ಪುಷ್ಯಗುಪ್ತ. ಅಶೋಕನಿಗಾಗಿ ಅದಕ್ಕೆ ಕಾಲುವೆಗಳನ್ನು ಕೂಡಿಸಿದವನು ಯವನರಾಜ ತುಷಾಸ್ಫ ಎಂದು ಶಾಸನ ಹೆಸರಿಟ್ಟು ಹೇಳುತ್ತದೆ. ಜೈನಪರಂಪರೆ ಶ್ರವಣಬೆಳಗೊಳದ ಚಂದ್ರಗಿರಿಯೊಡನೆ ನೆನೆಯುವ ಚಂದ್ರಗುಪ್ತನೇ ಈತ. ನಾಲ್ಕು ಶತಮಾನಗಳಿಗೂ ಮಿಕ್ಕ ಹಿಂದಿನ ಈ ಹೆಸರುಗಳು ರುದ್ರದಾಮನ ಲೇಖಕನಿಗೆ ತಿಳಿದಿದ್ದುವೆಂದರೆ, ಕೆರೆಯ ಕಡತ ಯಾವುದೋ ರೂಪದಲ್ಲಿ ಕೈಯಿಂದ ಕೈಗೆ ಬಂದಿತ್ತೆಂದೇ ತಿಳಿಯಬೇಕು.

ವಿಪತ್ತು ಸಂಭವಿಸಿದ್ದು 72ನೆಯ ವರ್ಷದ ಮಾರ್ಗಶೀರ್ಷ ಬಹುಳ ಪಾಡ್ಯದಂದು. ಮಳೆ ಸುರಿದು ನೆಲವೆಲ್ಲ ಒಂದೇ ಸಮುದ್ರವಾಯಿತು. ಊರ್ಜಯಂತದಿಂದಿಳಿಯುವ ಸುವರ್ಣಸಿಕತಾ, ಪಲಾಶಿನೀ ಮೊದಲಾದ ನದಿಗಳು ಉಕ್ಕಿದುವು. ಗಾಳಿ ಬೆಟ್ಟದ ತಲೆಗಳನ್ನೂ ಮರಗಳನ್ನೂ ಉಪ್ಪರಿಗೆಗಳನ್ನೂ ಬೀಳಿಸಿತು. ಇಲ್ಲಿ ತಿಥಿ ಗಮನಾರ್ಹವಾದುದು. ಮಾರ್ಗಶೀರ್ಷವು ಮುಂಗಾರಿನ ಮಾಸವಲ್ಲ. ಮಳೆಗಾಲ ಮುಗಿದು ಕೆರೆ ತುಂಬಿ ನಿಂತಿರಬೇಕಾದ, ಜನ ನಿಶ್ಚಿಂತರಾಗಿರಬೇಕಾದ ದಿನಗಳವು. ಅರಬ್ಬೀ ಸಮುದ್ರದ ಚಂಡಮಾರುತಗಳು ಇಂದಿಗೂ ಆ ತೀರವನ್ನು ಇಂಥ ಅಕಾಲದಲ್ಲಿ ತಟ್ಟುವುದುಂಟು; ಗಾಳಿಯ ವರ್ಣನೆಯನ್ನು ನೋಡಿದರೆ ಇದೂ ಅಂಥದೇ ಇದ್ದೀತು.

ಒಡಕಿನ ಅಳತೆಯನ್ನು ಶಾಸನ ಮರೆಮಾಚದೆ ಕೊಡುತ್ತದೆ: ಉದ್ದ 420 ಮೊಳ, ಅಗಲವೂ ಅಷ್ಟೇ, ಆಳ 75 ಮೊಳ. ನೀರೆಲ್ಲ ಹರಿದುಹೋಗಿ ಕೆರೆ ಮರುಭೂಮಿಯಂತಾಯಿತು. ನೋಡಲು ಚೆನ್ನಾದುದೆಂಬ ಅರ್ಥದ ಸುದರ್ಶನ ನೋಡಲಾರದ್ದಾಯಿತೆಂದು ಲೇಖಕ ಹೆಸರಿನ ಮೇಲೆಯೇ ಶ್ಲೇಷೆಯಾಡುತ್ತಾನೆ. ಪ್ರಶಸ್ತಿಕಾರರು ಸಾಮಾನ್ಯವಾಗಿ ಬಾಯಿಬಿಡದ ಮಾತೊಂದು ಇದರ ಮುಂದಿದೆ. ಒಡಕಿನ ಅಗಾಧತೆಗೆ ಅಂಜಿ ರಾಜನ ಮಂತ್ರಿಗಳೇ ಕೆಲಸಕ್ಕೆ ವಿಮುಖರಾದರು; ಕಟ್ಟೆ ಮತ್ತೆ ಏಳುವ ಆಸೆ ಕಳೆದುಕೊಂಡ ಪ್ರಜೆಗಳು ಗೋಳಿಟ್ಟರು. ಆಗ ಆನರ್ತ-ಸುರಾಷ್ಟ್ರಗಳ ಆಡಳಿತಕ್ಕೆ ನಿಯಮಿತನಾಗಿದ್ದ ಪಹ್ಲವ ಸುವಿಶಾಖನು ಕಾರ್ಯವನ್ನು ಕೈಗೊಂಡು ಪೂರೈಸಿದನು. ಕಟ್ಟೆ ಮೊದಲಿಗಿಂತ ಮೂರು ಮಡಿ ಬಲವಾಯಿತು. ವೆಚ್ಚ ಬಂದುದು ರಾಜನ ಬೊಕ್ಕಸದಿಂದ. ಕರ, ವಿಷ್ಟಿ, ಪ್ರಣಯಗಳಿಂದ, ಎಂದರೆ ತೆರಿಗೆ, ಬಿಟ್ಟಿಯ ದುಡಿಮೆ, ಒತ್ತಾಯದ ಕಾಣಿಕೆಗಳಿಂದ, ನಾಡವರನ್ನು ಪೀಡಿಸಲಿಲ್ಲವೆಂಬ ಹೆಮ್ಮೆ ಶಾಸನದಲ್ಲಿದೆ. ನೊಂದವರ ಮೇಲೆಯೇ ದುರಸ್ತಿಯ ಹೊರೆ ಹೊರಿಸಬಾರದೆಂಬ ಅರಿವು ಎರಡನೆಯ ಶತಮಾನದಲ್ಲೇ ಇತ್ತೆಂಬುದು ಸಣ್ಣ ಮಾತಲ್ಲ.

ಆದರೂ ಒಂದು ಕೊರತೆ ಎದ್ದುಕಾಣುತ್ತದೆ. ವರ್ಷವರ್ಷವೂ ಆ ಏರಿಯನ್ನು ನೋಡಿಕೊಳ್ಳುವವರು ಯಾರು, ಅವರ ಜೀವಿತಕ್ಕೆ ಏನು ಏರ್ಪಾಡು ಎಂಬ ಬಗ್ಗೆ ಶಾಸನದಲ್ಲಿ ಒಂದಕ್ಷರವೂ ಇಲ್ಲ. ಪ್ರಜೆಗಳು ಹೊರೆಯಿಂದ ಪಾರಾದರು ನಿಜ, ಅದರೊಡನೆ ಹೊಣೆಯಿಂದಲೂ ದೂರವಾದರು.

ಗುಪ್ತಸಂವತ್ಸರ 136ರಲ್ಲಿ, ಎಂದರೆ ಕ್ರಿ.ಶ. 455–56ರಲ್ಲಿ, ಸುದರ್ಶನ ಮತ್ತೆ ಒಡೆಯಿತು. ಈ ಸಲ ಅಕಾಲದ ಬಿರುಗಾಳಿಯಲ್ಲ. ಬಿಡದೆ ಸುರಿದ ಮಳೆಗೆ ಭಾದ್ರಪದದ ಷಷ್ಠಿಯ ರಾತ್ರಿ ಕಟ್ಟೆ ಕುಸಿಯಿತು. ಏನು ಮಾಡುವುದೆಂದು ತೋಚದೆ ಜನ ರಾತ್ರಿಯೆಲ್ಲ ಅತ್ತಿತ್ತ ಓಡಾಡಿದರು. ಸುರಾಷ್ಟ್ರದ ಅಧಿಪತಿ ಪರ್ಣದತ್ತನ ಮಗ, ನಗರರಕ್ಷಕ ಚಕ್ರಪಾಲಿತನು ಮರುವರ್ಷದ ಬೇಸಗೆಯಲ್ಲಿ ಎರಡೇ ತಿಂಗಳಿನಲ್ಲಿ ದುರಸ್ತಿ ಮುಗಿಸಿದನು. 100 ಮೊಳ ಉದ್ದ, 68 ಮೊಳ ಅಗಲ, ಏಳು ಆಳೆತ್ತರ ಎಂಬ ಅಳತೆಗಳು ಇಲ್ಲಿಯೂ ಉಂಟು. ಪಟ್ಟಣ ಈತಿಬಾಧೆ ದುರ್ಭಿಕ್ಷಗಳಿಲ್ಲದೆ ಬಾಳಲೆಂಬ ಹಾರೈಕೆಯೂ ಉಂಟು. ಇಲ್ಲದಿರುವುದು ರುದ್ರದಾಮನ ಹೆಸರು. ಅದೇ ಬಂಡೆಯ ಮೇಲೆ ಕೆತ್ತಿದ್ದ ಹಿಂದಿನ ವಿಪತ್ತಿನ ಉಲ್ಲೇಖವನ್ನು ಎರಡನೆಯ ಲೇಖಕ ಎಲ್ಲಿಯೂ ಮಾಡುವುದಿಲ್ಲ. ಕಲ್ಲು ಕಾಪಾಡಿಕೊಂಡ ಪಾಠ ಬಾಯಿಗೆ ಬರಲಿಲ್ಲ. ಇಂದು ಅಲ್ಲಿ ಕೆರೆಯಿಲ್ಲ. ಅದು ನಿಂತಿದ್ದ ಜಾಗವನ್ನು ವಿದ್ವಾಂಸರು ಹುಡುಕಬೇಕಾಯಿತು.

ಬರಹಕ್ಕೂ ಪಾಠಕ್ಕೂ ಇರುವ ಈ ಅಂತರವನ್ನು ಅದೇ ಗಿರಿನಗರದಲ್ಲಿದ್ದ ಜೈನಮುನಿಯೊಬ್ಬರು ಬೇರೆ ಸಂದರ್ಭದಲ್ಲಿ ಅರಿತಿದ್ದರು. ಅಲ್ಲಿಯ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತಜ್ಞಾನ ತಮ್ಮೊಡನೆ ನಶಿಸೀತೆಂದು ಕಳವಳಗೊಂಡು, ದಕ್ಷಿಣದಿಂದ ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳನ್ನು ಕರೆಸಿಕೊಂಡು ಕಲಿಸಿದರು. ಪುಷ್ಪದಂತರು ನಮ್ಮ ಬನವಾಸಿಗೆ ಬಂದು ಷಟ್ಖಂಡಾಗಮಕ್ಕೆ ಮೊದಲಿಟ್ಟರೆಂದು ಪರಂಪರೆ ಹೇಳುತ್ತದೆ. ಅದರ ತಾಳೆಯೋಲೆಗಳು ಉಳಿದು ಬಂದುದು ಮೂಡಬಿದಿರೆಯಲ್ಲಿ.

ಕೆರೆಗಳ ವಿಷಯದಲ್ಲಿ ಕನ್ನಡನಾಡು ಹಿಡಿದುದೂ ಇಂಥದೇ ದಾರಿ. ಇಲ್ಲಿಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಕೀರ್ತಿಯೊಡನೆ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ಪಾಲನೆಗೆಂದೇ ಬಿಟ್ಟ ಭೂಮಿ ಮತ್ತು ಉತ್ಪನ್ನದ ಪಾಲುಗಳಿವು. ಏರಿಗೆ ಮಣ್ಣು ಹೊರುವ ಬಂಡಿಯ ಖರ್ಚಿಗೂ ದತ್ತಿಯಿತ್ತು. ಹೂಳು ತೆಗೆಯುವುದು, ತೂಬನ್ನು ಸರಿಪಡಿಸುವುದು, ಕೋಡಿಯನ್ನು ಕಾಯುವುದು ವಿಪತ್ತು ಬಂದಾಗ ನೆನಪಾಗುವ ಕೆಲಸಗಳಾಗಿರಲಿಲ್ಲ. ಒಬ್ಬನ ಹೊಲದ ಹಕ್ಕಿಗೆ ಗಂಟುಬಿದ್ದ ವಾರ್ಷಿಕ ಕರ್ತವ್ಯಗಳಾಗಿದ್ದುವು.

ಈ ಅನುಭವ ಶಾಸ್ತ್ರರೂಪಕ್ಕೆ ಬಂದುದನ್ನು ಕಾಣಬೇಕಾದರೆ ಕಡಪ ಜಿಲ್ಲೆಯ ಪೊರುಮಾಮಿಳ್ಳಕ್ಕೆ ಹೋಗಬೇಕು. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರನು 1369ರಲ್ಲಿ ಅಲ್ಲಿ ಹಾಕಿಸಿದ ಶಾಸನವಿದೆ. ಇದಕ್ಕೆ ಒಂದು ವರ್ಷ ಮೊದಲು ಜೈನರಿಗೂ ಶ್ರೀವೈಷ್ಣವರಿಗೂ ಸಾಮರಸ್ಯ ಮಾಡಿಸಿದ ಶಾಸನವನ್ನು ಶ್ರವಣಬೆಳಗೊಳದಲ್ಲಿ ಉಳಿಸಿಹೋದವನೂ ಇದೇ ಬುಕ್ಕ. ಪೊರುಮಾಮಿಳ್ಳದ ಲೇಖಕ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಎಣಿಸುತ್ತಾನೆ. ಜಲಶಾಸ್ತ್ರ ಬಲ್ಲವನು, ಗಟ್ಟಿಯಾದ ನೆಲ, ಹತ್ತಿರದಲ್ಲೇ ಕಲ್ಲಿನ ಗಣಿ, ಕಟ್ಟೆಯ ಕೆಲಸ ಬಲ್ಲ ಜನರ ತಂಡ ಅವುಗಳಲ್ಲಿ ಸೇರಿವೆ. ಬಳಿಕ ಆರು ದೋಷಗಳನ್ನು ಹೇಳುತ್ತಾನೆ: ಏರಿಯಿಂದ ನೀರು ಜಿನುಗುವುದು, ಸವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಿರುವುದು. ಒಂದೊಂದು ದೋಷದ ಹಿಂದೆಯೂ ಎಲ್ಲಿಯೋ ಒಡೆದ, ಬತ್ತಿದ, ಜಗಳಕ್ಕೆ ಬಿದ್ದ ಕೆರೆಯೊಂದನ್ನು ಊಹಿಸಿಕೊಳ್ಳಬಹುದು. ದಿನಕ್ಕೆ ಸಾವಿರ ಮಂದಿ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರ್ಷಗಳ ದುಡಿಮೆ ಎಂಬ ಲೆಕ್ಕವೂ ಅಲ್ಲಿದೆ. ಆ ಕೆರೆಯಲ್ಲಿ ಇಂದಿಗೂ ನೀರು ನಿಲ್ಲುತ್ತದೆ.